ಕನ್ನಡಿಯ ಕಾಲು

ಗಾಳಿ ಎದ್ದರೆ ಮಾತ್ರ ಅದು ನಡೆಯುತ್ತಿತ್ತು.

ಕಪ್ಪತಗುಡ್ಡದ ನೆತ್ತಿಯ ಮೇಲಿನ ಗಾಳಿಯಂತ್ರಗಳು ತಿರುಗಲು ತೊಡಗಿದ ಸ್ವಲ್ಪ ಹೊತ್ತಿಗೆ, ಗುಡ್ಡದ ಬುಡದಲ್ಲಿದ್ದ ಪ್ರಯೋಗಾಲಯದ ಒಳಕೋಣೆಯಲ್ಲಿ, ಹಾಸಿದ ಮರಳಿನ ಮೇಲೆ ನಸುಬೆಳಕೊಂದು ಕೂಡಿಕೊಳ್ಳುತ್ತಿತ್ತು. ಮೊದಲು ಬೆನ್ನೆಲುಬಿನ ಮಣಿಗಳು, ಒಂದರ ಹಿಂದೆ ಒಂದು. ಅವುಗಳಿಂದ ಹಿಂದಕ್ಕೆ ಉದ್ದನೆಯ ಬಾಲ, ಮುಂದಕ್ಕೆ ತೆಳು ಕುತ್ತಿಗೆ, ಅಂಗೈಯಲ್ಲಿ ಹಿಡಿಸುವಷ್ಟು ತಲೆ. ಗಿಡ್ಡ ಕೈಗಳು, ಪ್ರತಿ ಕೈಗೂ ಐದು ಬೆರಳು. ಕೊನೆಗೆ ಹಿಂಗಾಲುಗಳು. ತೊಡೆಗಿಂತ ಮೊಣಕಾಲಿನ ಕೆಳಗಿನ ಭಾಗವೇ ಉದ್ದವಾಗಿದ್ದ, ಓಡುವುದಕ್ಕೆಂದೇ ಮಾಡಿದಂಥ ಕಾಲುಗಳು. ಎಲ್ಲ ಸೇರಿ ನಾಟಿ ಹುಂಜದಷ್ಟು ಎತ್ತರದ ಪ್ರಾಣಿ. ಹತ್ತೊಂಬತ್ತು ಕೋಟಿ ವರ್ಷಗಳ ಹಿಂದೆ ಗೋದಾವರಿ ಕಣಿವೆಯ ಕೆಂಪು ಕೆಸರಿನಲ್ಲಿ ಮಲಗಿದ್ದು, ಈಗ ಗದಗ ಸೀಮೆಯ ಗಾಳಿಗೆ ಎದ್ದು ನಿಲ್ಲುತ್ತಿತ್ತು.

ನಿಂತು, ಒಂದು ಹೆಜ್ಜೆ ಇಟ್ಟು, ಎರಡನೆಯದಕ್ಕೆ ಬೀಳುತ್ತಿತ್ತು.

“ಬಿತ್ತು ನೋಡ್ರಿ ಮತ್ತ,” ಎಂದರು ನದಾಫ. “ಸಂತಿಯಿಂದ ಕುಡದು ಬಂದ ಹುಂಜ ಇದ್ದಂಗೈತಿ.”

“ಹುಂಜ ಯಾಕಂತೀರಿ? ಹೇಂಟಿ ಇರಬಾರದೇನು?”

“ಹೇಂಟಿ ಆಗಿದ್ರ ಕುಡೀತಿದ್ದಿಲ್ಲ ಬಿಡ್ರಿ ಅಕ್ಕಾರ.”

ನೀಲಗಂಗಾ ನಕ್ಕಳು. ನಕ್ಕರೂ ಅವಳ ಕಣ್ಣು ಮರಳಿನ ಮೇಲೇ ಇತ್ತು. ಬಿದ್ದ ಬೆಳಕು ಒಂದು ಗಳಿಗೆ ಕಾಲು ಝಾಡಿಸಿತು, ಆಮೇಲೆ ಇಬ್ಬನಿಯಂತೆ ಆರಿಹೋಯಿತು. ಮೂರು ಬೆರಳಿನ ಒಂದೇ ಒಂದು ಹೆಜ್ಜೆ, ಅದರ ಪಕ್ಕದಲ್ಲಿ ಮೈ ಬಿದ್ದ ಗುರುತು, ಇಷ್ಟು ಉಳಿದವು.

ಆ ಕೋಣೆಗೆ ಸರ್ಕಾರಿ ಕಾಗದಗಳಲ್ಲಿ ಉದ್ದನೆಯ ಹೆಸರೊಂದಿತ್ತು. ಕೆಲಸದವರೆಲ್ಲ ನಡಿಗೆಮನೆ ಎನ್ನುತ್ತಿದ್ದರು. ಎಲುಬು ತಾನು ಹೊತ್ತ ಭಾರವನ್ನು ಮರೆಯುವುದಿಲ್ಲ ಎಂಬುದು ಹಳೆಯ ಸಂಗತಿ. ಭಾರ ಬಿದ್ದ ಕಡೆ ದಪ್ಪವಾಗುತ್ತದೆ, ಬೀಳದ ಕಡೆ ಸವೆಯುತ್ತದೆ. ಒಳಗಿನ ಜಾಳಿಗೆಯ ಎಳೆಗಳು ಭಾರ ಬರುವ ದಿಕ್ಕಿಗೇ ತಿರುಗಿ ನಿಲ್ಲುತ್ತವೆ. ಎಲುಬು ಕಲ್ಲಾದ ಮೇಲೂ ಆ ಎಳೆಗಳ ಅಚ್ಚು ಉಳಿದಿರುತ್ತದೆ. ಆ ಅಚ್ಚನ್ನು ಓದಿ, ಈ ಎಲುಬಿನ ಒಡೆಯ ಹೀಗೆ ನಡೆದಿರಬೇಕು ಎಂದು ಬೆಳಕಿನಲ್ಲಿ ನಡೆಸಿ ತೋರಿಸುವ ಯಂತ್ರ ಮಾತ್ರ ಹೊಸದು. ಬೆಳಕಿನ ಪಾದ ಬಿದ್ದಲ್ಲಿ ಮರಳಿನಡಿಯ ಸೂಜಿಗಳು ಕೆಳಕ್ಕೆ ಜಗ್ಗಿ ಹೆಜ್ಜೆ ಮೂಡಿಸುತ್ತಿದ್ದವು. ಅದು ಎಳೆಯುವ ಕರೆಂಟು ಊರಿಗೆ ತಡೆಯಲಾರದ್ದೆಂದು ಗುಡ್ಡದ ಮೇಲಿಂದಲೇ ಬೇರೆ ತಂತಿ ಎಳೆದಿದ್ದರು. ಹೀಗಾಗಿ ಗಾಳಿ ನಿಂತರೆ ಕೋಟಿ ವರ್ಷದ ಹಿಂದಿನವರೂ ನಿಂತುಬಿಡುತ್ತಿದ್ದರು.

ನದಾಫ ಆ ಯಂತ್ರವನ್ನು ನೋಡಿಕೊಳ್ಳುವ ಇಂಜಿನಿಯರು. ನಿವೃತ್ತಿ ಹತ್ತಿರ ಬಂದಿತ್ತು, ಬಾಯಿ ಮಾತ್ರ ಇನ್ನೂ ಹರೆಯದ್ದು. ನೀಲಗಂಗಾಳದು ಎಲುಬು ನೋಡಿ ಕುಲ ಹೇಳುವ ಕೆಲಸ. ಮಣ್ಣು ಯಾವತ್ತೂ ಪೂರ್ತಿ ಮೈ ಕೊಡುವುದಿಲ್ಲ. ಈ ಪ್ರಾಣಿಯದೂ ಅರ್ಧವೇ ಸಿಕ್ಕಿತ್ತು. ಉಳಿದ ಅರ್ಧವನ್ನು ಯಂತ್ರ ತಾನೇ ತುಂಬಿಕೊಳ್ಳಬೇಕೆಂದರೆ ಮೊದಲು ಎರಡು ಪ್ರಶ್ನೆ ಕೇಳುತ್ತಿತ್ತು. ಇದು ಯಾವ ಕುಲ? ಇದು ಮರಿಯೋ, ಬೆಳೆದದ್ದೋ?

ಡೈನೋಸಾರ್‌ಗಳ ಕುಲ ಇರುವುದು ಸೊಂಟದಲ್ಲಿ. ಸೊಂಟದ ಮುಂದಿನ ಎಲುಬು ಮುಂದಕ್ಕೆ ಚಾಚಿದ್ದರೆ ಹಲ್ಲಿಸೊಂಟದವು. ಹಿಂದಕ್ಕೆ ಮಡಚಿ, ಹಿಂದಿನ ಎಲುಬಿನ ಜೊತೆಯಲ್ಲೇ ಮಲಗಿದ್ದರೆ ಹಕ್ಕಿಸೊಂಟದವು. ಸೊಪ್ಪು ತಿಂದು ಬದುಕುವುದಕ್ಕೆ ದೊಡ್ಡ ಹೊಟ್ಟೆ ಬೇಕು, ಎಲುಬು ಹಿಂದೆ ಸರಿದರೆ ಹೊಟ್ಟೆಗೆ ಜಾಗ ಸಿಗುತ್ತದೆ. ಇದು ಸೊಪ್ಪು ತಿನ್ನುವುದೆಂಬುದರಲ್ಲಿ ಅನುಮಾನವಿರಲಿಲ್ಲ. ಹಲ್ಲುಗಳು ಪುಟ್ಟ ಎಲೆಗಳಂತಿದ್ದವು, ಅಂಚಿನಲ್ಲಿ ಗರಗಸ. ಆದರೆ ಅಂಥ ಹಲ್ಲು ಎರಡೂ ಕುಲದ ಮೊದಮೊದಲಿನವಕ್ಕೆ ಇದ್ದವು. ಹಕ್ಕಿಸೊಂಟದವಕ್ಕೆ ಕೆಳದವಡೆಯ ತುದಿಯಲ್ಲಿ ಕೊಕ್ಕಿನಂಥ ಒಂದು ಹೆಚ್ಚಿನ ಎಲುಬು ಇರುತ್ತದೆ; ಇದರ ದವಡೆಯ ತುದಿಯೇ ಮುರಿದುಹೋಗಿತ್ತು. ಸೊಂಟದ ಎಡಭಾಗ ಚೆನ್ನಾಗಿತ್ತು, ಮುಂದಿನ ಎಲುಬು ಮಾತ್ರ ಬುಡದಲ್ಲೇ ಕಡಿದುಹೋಗಿತ್ತು. ಬಲಭಾಗ ಅಪ್ಪಚ್ಚಿಯಾಗಿತ್ತು.

“ಹಕ್ಕಿಸೊಂಟದ ಮರಿ ಅಂದ್ವಿ, ಬಿತ್ತು. ಹಕ್ಕಿಸೊಂಟದ ದೊಡ್ಡದು ಅಂದ್ವಿ, ಬಿತ್ತು. ಹಲ್ಲಿಸೊಂಟದ ಮರಿ ಅಂದ್ವಿ, ಬಿತ್ತು. ಇನ್ನೊಂದ ಉಳದೈತಿ,” ಎಂದರು ನದಾಫ. “ಮತ್ತ ಒಂದ ಹೇಳ್ತೀನಿ ಕೇಳ್ರಿ. ಹಕ್ಕಿಸೊಂಟದಾವು ಹಕ್ಕಿ ಆಗಲೇ ಇಲ್ಲ, ಹಲ್ಲಿಸೊಂಟದಾವ ಮುಂದ ಹಕ್ಕಿ ಆದವು. ಹೆಸರಿಟ್ಟಾಂವ ಎಂಥಾ ಪುಣ್ಯಾತ್ಮನೋ ಏನೋ.”

ಉಳಿದ ಒಂದನ್ನೂ ನೋಡಿದರು. ಅದೂ ಬಿತ್ತು.

ಎಲುಬುಗಳು ಗೋದಾವರಿ ಕಡೆಯ ಒಂದು ವಸ್ತುಸಂಗ್ರಹಾಲಯದಿಂದ ಕೈಗಡವಾಗಿ ಬಂದವು. ಮಹಾನವಮಿ ಮುಗಿದ ಕೂಡಲೇ ಅವರ ಗಾಡಿ ಬಂದು ಒಯ್ಯುತ್ತಿತ್ತು. ಅಷ್ಟರಲ್ಲಿ ಕುಲ ತಿಳಿಯದಿದ್ದರೆ, ಗುರುತಿಲ್ಲದ ಚೂರುಗಳು ಎಂಬ ಚೀಟಿ ಹಚ್ಚಿ ಒಂದು ಡ್ರಾಯರಿನಲ್ಲಿ ಇಡುತ್ತಾರೆ. ಅಂಥ ಡ್ರಾಯರನ್ನು ಆಮೇಲೆ ಯಾರೂ ಎಳೆದು ನೋಡುವುದಿಲ್ಲ.

ಮನೆಯಲ್ಲೂ ಒಬ್ಬಳು ನಡೆಯಬೇಕಿತ್ತು.

ನೀಲಗಂಗಾಳ ಮಗಳು ಮುಕ್ತಾಗೆ ನಾಲ್ಕು ತುಂಬಿತ್ತು. ಹುಟ್ಟುವಾಗಲೇ ಅವಳ ಬಲತೊಡೆಯ ಎಲುಬಿನ ಗುಂಡು ಸೊಂಟದ ಗುಣಿಯಿಂದ ಹೊರಗೆ ಜಾರಿತ್ತು. ಆಯಿ ಎಂದು ಕರೆಯುವ ಅಜ್ಜಿಯ ಸೊಂಟದಿಂದ ಅವ್ವನ ಸೊಂಟಕ್ಕೆ, ಅವ್ವನ ಸೊಂಟದಿಂದ ಅಪ್ಪನ ಹೆಗಲಿಗೆ ದಾಟುತ್ತ ಬೆಳೆದ ಕೂಸು. ನೆಲಕ್ಕೆ ಬಿಟ್ಟಾಗಲೇ ಅದು ತಿಳಿದದ್ದು. ಹುಬ್ಬಳ್ಳಿಯ ಎಲುಬಿನ ಡಾಕ್ಟರು ಕೊಯ್ದು, ಗುಂಡನ್ನು ಗುಣಿಯೊಳಗೆ ಕೂಡಿಸಿ, ಎದೆಯ ಕೆಳಗಿನಿಂದ ಪಾದದ ತನಕ ಪ್ಲಾಸ್ಟರು ಹಾಕಿದ್ದರು. ಮುಂಗಾರು ಹಿಡಿಯುವ ಹೊತ್ತಿಗೆ ಅದನ್ನು ಬಿಚ್ಚಿದರು.

“ಇನ್ನ ನಿಲ್ಲಸ್ರಿ, ನಡಸ್ರಿ,” ಎಂದಿದ್ದರು. “ಗುಣಿ ಇನ್ನೂ ಮ್ಯಾಲಮ್ಯಾಲ ಐತಿ. ಕೂಸಿನ ಭಾರ ಬಿದ್ದಂಗ ತಾನ ಆಳ ಆಗತೈತಿ. ಕಾಲು ಹೆಂಗರ ಬೀಳಲಿ, ಭಾರ ಬೀಳಬೇಕು, ಅಷ್ಟ. ನವಮಿ ಆದಮ್ಯಾಲ ಎಕ್ಸ್‌ರೇ ಫೋಟೋ ತಗಸೂಣು. ಆಳ ಆಗಿರಲಿಲ್ಲಂದ್ರ ಮತ್ತೊಮ್ಮಿ ಕೊಯ್ಯೂದು ಬರತೈತಿ.”

ಮತ್ತೊಮ್ಮೆ ಕೊಯ್ಯುವುದು ಎಂಬ ಮಾತು ನೀಲಗಂಗಾಳ ಹೊಟ್ಟೆಯೊಳಗೆ ಹೋಗಿ ಕುಳಿತಿತು. ಹೆಂಗರ ಬೀಳಲಿ ಎಂಬ ಮಾತು ಕಿವಿಯ ಹತ್ತಿರವೇ ಉಳಿದು, ಎಲ್ಲೋ ಬಿದ್ದುಹೋಯಿತು.

ಗಂಡ ಮಹಾಂತೇಶ ಗೂಡ್ಸ್ ರೈಲು ಓಡಿಸುವವನು. ವಾರಕ್ಕೆ ಎರಡು ಸಲ ಮನೆ ಕಂಡರೆ ಹೆಚ್ಚು. ಅವನು ಬಂದಾಗ ಅವನ ಕೈಯಿಂದಲೇ ಅಲಮಾರಿಯ ನಿಲುಗನ್ನಡಿ ಬಿಚ್ಚಿಸಿ ಪಡಸಾಲೆಯ ಗೋಡೆಗೆ ಆನಿಸಿದ್ದಳು. ಕನ್ನಡಿಯ ಮುಂದೆ ನೆಲದ ಮೇಲೆ ಕೆಂಪು ಟೇಪಿನಿಂದ ಎರಡು ಗೆರೆ ಅಂಟಿಸಿದ್ದಳು, ಒಂದು ಎಡಗಾಲಿಗೆ, ಒಂದು ಬಲಗಾಲಿಗೆ.

“ಎಡಗಾಲ ನೋಡು, ಹೆಂಗ ನೆಟ್ಟಗೈತಿ. ಬಲಗಾಲೂ ಹಂಗ ಇಡು ನನ್ನವ್ವ. ಕನ್ನಡ್ಯಾಗ ನೋಡ್ಕೋಂತ ಇಡು.”

ಮುಕ್ತಾ ಕನ್ನಡಿ ನೋಡುತ್ತಿದ್ದಳು. ತುಟಿ ಕಚ್ಚಿ ಒಂದು ಹೆಜ್ಜೆ ಇಡುತ್ತಿದ್ದಳು. ಎರಡನೆಯದಕ್ಕೆ ಬೀಳುತ್ತಿದ್ದಳು. ನೀಲಗಂಗಾ ಎತ್ತಿ ನಿಲ್ಲಿಸಿ, ಮೊಣಕಾಲು ಸವರಿ, ಮತ್ತೆ ಅಲ್ಲಿಂದಲೇ ಶುರು ಮಾಡುತ್ತಿದ್ದಳು. ಅವಳು ಒಮ್ಮೆಯೂ ದನಿ ಏರಿಸಿದವಳಲ್ಲ.

“ಇನ್ನೊಂದ ಸಲ.”

“ಒಲ್ಲೆ. ಕನ್ನಡಿ ಒಳಗಿನ ಹುಡುಗಿ ನಡೀಲಿ. ನಾ ಒಲ್ಲೆ.”

“ಸಾಕ ಬಿಡ ನೀಲಾ,” ಎಂದಳು ಅತ್ತೆ ಶಿವಲಿಂಗವ್ವ, ಮೂಲೆಯಲ್ಲಿ ಮೊರದ ತುಂಬ ತಪ್ಪಲ ಸೊಪ್ಪು ಹಾಕಿಕೊಂಡು ಸೋಸುತ್ತ. “ಕೂಸು ಉಣ್ಣಲಿ. ಕಾಲ ಎಲ್ಲಿ ಓಡಿ ಹೋಗತಾವು?”

“ಓಡಿ ಹೋಗಲಿ ಅಂತನ ಅಲ್ಲ ಅತ್ತಿ ನಾ ಬಡದಾಡೂದು.”

ಮುದುಕಿಗೆ ನಗು ಬಂತು, ಮುಕ್ತಾಗೂ ಬಂತು. ನಕ್ಕ ಮೇಲೆ ಮತ್ತೆ ನಡೆಸುವುದು ಸಾಧ್ಯವಿರಲಿಲ್ಲ. ಮೂವರೂ ಕೂತು ರೊಟ್ಟಿ, ಹಕ್ಕರಕಿ ಸೊಪ್ಪು, ಹಸಿ ಉಳ್ಳಾಗಡ್ಡಿ ತಿಂದರು.

“ಇವತ್ತರ ನಡೀತೇನ ಅದು?” ಮುಕ್ತಾ ದಿನವೂ ಕೇಳುವ ಪ್ರಶ್ನೆ.

“ಇಲ್ಲವ್ವ, ಬಿತ್ತು.”

“ನೀ ನೋಡಾಕತ್ತಿದ್ದೇನು?”

“ಹೂಂ ಮತ್ತ. ನೋಡೂದ ನನ್ನ ಕೆಲಸ.”

ಮುಕ್ತಾ ಎಲ್ಲ ತಿಳಿದವಳಂತೆ ತಲೆಯಾಡಿಸಿದಳು. “ಅದು ಏನ ತಿಂತೈತಿ?”

“ತಪ್ಪಲ. ಅದರ ಹಲ್ಲು ಥೇಟ್ ಇದರಂಗ ಇರತಾವು ನೋಡು.” ನೀಲಗಂಗಾ ಒಂದು ಹಕ್ಕರಕಿ ಎಲೆ ಎತ್ತಿ, ಕಚ್ಚು ಕಚ್ಚಾದ ಅದರ ಅಂಚು ತೋರಿಸಿದಳು.

ಎಲೆಯನ್ನು ಹಲ್ಲಿಗೆ ಹಿಡಿದು ನೋಡಿಕೊಂಡು ಮುಕ್ತಾ ಹೇಳಿದಳು, “ಹಂಗಾರ ಅದರ ಹೆಸರು ತಪ್ಪಲವ್ವ.”

ಆ ಹೆಸರು ಮರುದಿನವೇ ನಡಿಗೆಮನೆಗೂ ಬಂತು. ನದಾಫರಿಗೆ ಅದು ಬಹಳ ಹಿಡಿಸಿತು. “ಎದ್ದೇಳ ಯವ್ವಾ ತಪ್ಪಲವ್ವಾ, ಗಾಳಿ ಬಂತು,” ಎಂದು ಗುಂಡಿ ಒತ್ತುತ್ತಿದ್ದರು. ತಪ್ಪಲವ್ವ ಏಳುತ್ತಿದ್ದಳು. ಬೀಳುತ್ತಿದ್ದಳು.

ಒಂದು ಬೆಳಗಿನ ಜಾವ, ಎಚ್ಚರವೂ ಅಲ್ಲದ ನಿದ್ದೆಯೂ ಅಲ್ಲದ ಹೊತ್ತಿನಲ್ಲಿ, ನೀಲಗಂಗಾ ಕೆಂಪು ಕೆಸರಿನ ನಡುವೆ ನಿಂತಿದ್ದಳು. ಸುತ್ತ ಆಳೆತ್ತರದ ಜರೀಗಿಡಗಳು. ಹೂವು ಇನ್ನೂ ಹುಟ್ಟಿರದ ಕಾಲ ಅದು. ಎಲ್ಲಿ ನೋಡಿದರೂ ಹಸಿರು, ಹಸಿರಿನ ಮೇಲೆ ಹಬೆ. ಗಿಡಗಳ ಆಚೆ ಏನೋ ಓಡಾಡುತ್ತಿತ್ತು. ಎಲೆ ಹರಿಯುವ ಸದ್ದು, ಹೆಜ್ಜೆಯ ಸದ್ದು. ಅವಳು ಎಲೆ ಸರಿಸಿದರೆ ಸದ್ದು ನಿಲ್ಲುತ್ತಿತ್ತು. ಬಿಟ್ಟರೆ ಮತ್ತೆ ಶುರುವಾಗುತ್ತಿತ್ತು. ಕೊನೆಗೊಮ್ಮೆ ಬೇಗನೆ ಸರಿಸಿ ನೋಡಿದಾಗ ಅಲ್ಲಿ ನಿಲುಗನ್ನಡಿ ಇತ್ತು, ಕನ್ನಡಿಯೊಳಗೆ ಅವಳೇ ಇದ್ದಳು, ಕೆಸರಿನಲ್ಲಿ ಹೂತ ಎರಡು ನೆಟ್ಟನೆಯ ಕಾಲು. ಎದ್ದು ಹಾಲು ಕಾಯಿಸುವಾಗಲೂ ಆ ಎಲೆ ಹರಿಯುವ ಸದ್ದು ಕಿವಿಯಲ್ಲಿ ಉಳಿದಿತ್ತು.

ಅವತ್ತು ಮಧ್ಯಾಹ್ನವೇ ಗಾಳಿ ಬಿತ್ತು. ಗುಡ್ಡದ ಮೇಲಿನ ರೆಕ್ಕೆಗಳೆಲ್ಲ ನಿಂತವು. “ಇನ್ನ ಇವತ್ತು ಏಳೂದಿಲ್ಲ, ಮನಿಗೆ ಹೋಗ್ರಿ,” ಎಂದರು ನದಾಫ. ನೀಲಗಂಗಾ ಸಂತೆಯಲ್ಲಿ ಮೆಂತ್ಯ ತಗೊಂಡು, ಅದನ್ನು ತೊಳೆದೇ ಒಳಗೆ ಹೋಗೋಣವೆಂದು ಹಿತ್ತಲ ಕಡೆಯಿಂದ ಬಂದಳು. ಅಡಿಗೆಮನೆಯ ಬಾಗಿಲು ಅರ್ಧ ಮುಚ್ಚಿತ್ತು. ಆಚೆ ಪಡಸಾಲೆಯಿಂದ ಒಂದು ಸದ್ದು ಬರುತ್ತಿತ್ತು. ಒಂದು ಉದ್ದ, ಒಂದು ಗಿಡ್ಡ. ಒಂದು ಉದ್ದ, ಒಂದು ಗಿಡ್ಡ.

ಬಾಗಿಲ ಸಂದಿಯಲ್ಲಿ ಅವಳಿಗೆ ಮೊದಲು ಕಂಡದ್ದು ಅತ್ತೆಯ ಬೆನ್ನು. ಮುದುಕಿ ಗೋಡೆಯ ಕಡೆ ಮುಖ ಮಾಡಿ ಕೂತು ಶೇಂಗಾ ಸುಲಿಯುತ್ತಿದ್ದಳು. ಅವಳ ಹಿಂದೆ, ಪಡಸಾಲೆಯ ಉದ್ದಕ್ಕೂ, ಮುಕ್ತಾ ನಡೆಯುತ್ತಿದ್ದಳು.

ಬಲಗೈ ಬಲತೊಡೆಯ ಮೇಲೆ. ಬಲಗಾಲು ಊರುವಾಗ ಮೈ ಇಷ್ಟು ಬಲಕ್ಕೆ ಬಾಗುತ್ತಿತ್ತು, ಎಡಗಾಲು ಊರುವಾಗ ಮೇಲೇಳುತ್ತಿತ್ತು. ನೀರಿನ ಮೇಲಿನ ದೋಣಿಯಂಥ ನಡಿಗೆ. ಕೆಂಪು ಗೆರೆಗಳನ್ನು ಅವಳು ಅಡ್ಡ ದಾಟಿ ಹೋದಳು, ಅವು ಇದ್ದದ್ದೇ ಗೊತ್ತಿಲ್ಲದಂತೆ. ಆಯಿಯ ಬುಟ್ಟಿಗೆ ಕೈ ಹಾಕಿ ನಾಲ್ಕು ಕಾಳು ತಗೊಂಡು, ಬಾಯಿಗೆ ಹಾಕಿಕೊಂಡು, ತಿರುಗಿ ಮತ್ತೆ ಹೊರಟಳು.

“ಬಿದ್ದೇನವಾ?” ಮುದುಕಿ ತಿರುಗದೆಯೇ ಕೇಳಿದಳು.

“ಇಲ್ಲ.”

“ಹಂಗಾರ ಇನ್ನೊಂದು ಸುತ್ತು ಹಾಕು.”

ನೀಲಗಂಗಾಳ ಕೈಯಿಂದ ಮೆಂತ್ಯದ ಸಿವುಡು ಜಾರಿತು. ಮುಕ್ತಾ ತಿರುಗಿ ನೋಡಿದಳು. ಅವ್ವನನ್ನು ಕಂಡ ಕೂಡಲೇ ತೊಡೆಯ ಮೇಲಿನ ಕೈ ತೆಗೆದಳು, ಬೆನ್ನು ನೆಟ್ಟಗೆ ಮಾಡಿದಳು, ಬಲಗಾಲನ್ನು ಎತ್ತಿ ಕೆಂಪು ಗೆರೆಯ ಮೇಲೆ ಇಟ್ಟಳು. ಬಿದ್ದಳು.

ಅಳಲಿಲ್ಲ. ಬಿದ್ದಲ್ಲೇ ಕೂತು, ತಪ್ಪು ಮಾಡಿದವಳ ಮುಖ ಮಾಡಿಕೊಂಡು ನೋಡಿದಳು. ನೀಲಗಂಗಾ ಒಳಗೆ ಬಂದು ಅವಳನ್ನು ಎತ್ತಿಕೊಂಡಳು.

ಮಗುವಿಗೆ ಹಾಲು ಕುಡಿಸಿ ಮಲಗಿಸಿದ ಮೇಲೆ ಅವಳು ಅತ್ತೆಯ ಪಕ್ಕ ಬಂದು ಕೂತಳು. ತಾನೂ ಶೇಂಗಾ ಸುಲಿಯತೊಡಗಿದಳು.

“ಎಂದಿನಿಂದ, ಅತ್ತಿ?”

“ಪಂಚಮ್ಯಾಗಿಂದ.”

“ನನಗ್ಯಾಕ ಹೇಳಲಿಲ್ಲ?”

“ಹೇಳಿದ್ರ ನೀ ನೋಡಾಕ ನಿಂದರತಿದ್ದಿ.” ಮುದುಕಿ ಸಿಪ್ಪೆ ಊದಿದಳು. “ಸಿಟ್ಟಾಗಬ್ಯಾಡ. ನಿನ್ನ ಕಣ್ಣಾಗ ಒಂದ ನೆಟ್ಟನ ಕಾಲ ಐತಿ. ನಿನ್ನ ಮಾರಿ ನೋಡಿದ್ರ ಕೂಸಿಗೆ ಆ ಕಾಲ ಹಚ್ಚಿಕೊಂಡು ನಡೀಬೇಕಂತ ಅನಸ್ತೈತಿ. ಅದು ಅದರ ಕಾಲಲ್ಲ. ಹೆಂಗ ನಿಂತೀತು?”

“ಕುಂಟಾಕತ್ತಾಳಲ್ಲ ಅತ್ತಿ.”

“ಕುಂಟಾಕತ್ತಾಳ. ನಡ್ಯಾಕತ್ತಾಳ. ಎರಡೂ ಖರೇನ.”

ಹೆಂಗರ ಬೀಳಲಿ, ಭಾರ ಬೀಳಬೇಕು. ಮುಂಗಾರಿನಲ್ಲಿ ಬಿದ್ದುಹೋಗಿದ್ದ ಡಾಕ್ಟರ ಮಾತು ಈಗ ಅವಳ ಕಿವಿಯೊಳಗೆ ಬಂತು. ಅವಳು ಎದ್ದು ಹೋಗಿ ಕೆಂಪು ಟೇಪು ಕಿತ್ತಳು. ಹಳೆಯ ಇಳಕಲ್ ಸೀರೆಯೊಂದನ್ನು ತಂದು ಕನ್ನಡಿಯ ಮೇಲೆ ಹೊದಿಸಿದಳು. ಆಮೇಲೆ ಒಲೆ ಹಚ್ಚಿ ರೊಟ್ಟಿ ಬಡಿಯಲು ಕೂತಳು, ಯಾಕೆಂದರೆ ಸಂಜೆಯಾಗಿತ್ತು, ಯಾರಾದರೂ ರೊಟ್ಟಿ ಬಡಿಯಲೇಬೇಕಿತ್ತು.

ಮೂರನೆಯ ರೊಟ್ಟಿ ಹಂಚಿನ ಮೇಲೆ ಉಬ್ಬುತ್ತಿದ್ದಾಗ ಅವಳ ಕೈ ನಿಂತಿತು.

ಎಲುಬಿನ ಕೆಲಸದಲ್ಲಿ ಯಾರೂ ಹೇಳಿಕೊಡದೆ ಎಲ್ಲರೂ ಮಾಡುವ ಒಂದು ರೂಢಿಯಿದೆ. ಮಣ್ಣಿನ ಭಾರಕ್ಕೆ ಎಲುಬಿನ ಒಂದು ಬದಿ ಜಜ್ಜಿಹೋಗಿದ್ದರೆ, ಅದನ್ನು ಬಿಟ್ಟು, ಚೆನ್ನಾಗಿರುವ ಬದಿಯನ್ನೇ ತಿರುಗಿಸಿ ಎರಡೂ ಕಡೆ ಕೂಡಿಸುತ್ತಾರೆ. ಕನ್ನಡಿ ಮಾಡುವುದು ಎನ್ನುತ್ತಾರೆ ಅದಕ್ಕೆ. ಅನ್ನ ಮಾಡುವ ಮುಂಚೆ ಅಕ್ಕಿ ತೊಳೆದಂತೆ, ಯೋಚಿಸದೆ ಮಾಡುವ ಕೆಲಸ. ತಪ್ಪಲವ್ವನ ಪೆಟ್ಟಿಗೆ ಬಿಚ್ಚಿದ ಮೊದಲ ದಿನವೇ ನೀಲಗಂಗಾ ಬಲಸೊಂಟವನ್ನೂ ಬಲತೊಡೆಯನ್ನೂ ಹತ್ತಿಯಲ್ಲಿ ಸುತ್ತಿ ಬದಿಗಿಟ್ಟು, ಎಡಗಡೆಯದನ್ನು ಕನ್ನಡಿ ಮಾಡಿದ್ದಳು. ಕುಲ ತಪ್ಪಿರಬೇಕು, ವಯಸ್ಸು ತಪ್ಪಿರಬೇಕು ಎಂದು ಇಷ್ಟು ದಿನ ತಡಕಾಡಿದ್ದರು. ಬೀಳುತ್ತಿದ್ದದ್ದು ಮಾತ್ರ ಪ್ರತಿ ಸಲವೂ ಆ ಕನ್ನಡಿಯ ಕಾಲಿನ ಮೇಲೆಯೇ.

“ಅತ್ತಿ, ನಾ ಅದಕ್ಕೂ ಕನ್ನಡಿ ಕಾಲ ಹಚ್ಚೀನಿ.”

“ಯಾರಿಗೆ?”

“ತಪ್ಪಲವ್ವಗ.”

“ಹಂಗಾರ ಮುಂಜಾನೆ ಹೋಗಿ ತಗಿ. ಈಗ ರೊಟ್ಟಿ ತಗಿ, ಹೊತ್ತಾಕತ್ತೈತಿ.”

ಮುಂಜಾನೆ ಅವಳು ಹೇಳಿದ್ದನ್ನು ಕೇಳಿ, ನದಾಫ ಪೆಟ್ಟಿಗೆಯ ಮುಚ್ಚಳದ ಮೇಲೆ ಕೈಯಿಟ್ಟುಕೊಂಡರು. ಅವರಿಗೆ ಮುಕ್ತಾಳ ವಿಷಯ ಗೊತ್ತಿತ್ತು.

“ಅಕ್ಕಾರ, ತಪ್ಪ ತಿಳೀಬ್ಯಾಡ್ರಿ. ಮಣ್ಣಿನ ತುಳತಕ್ಕ ಚಪ್ಪಟಿ ಆಗೈತಿ ಅಂತ ಹೇಳಿದಾಕಿ ನೀವ. ಈಗ ಮನ್ಯಾಗಿನ ಕಾಲ ಇಲ್ಲಿ ಕಾಣಾಕತ್ತಿಲ್ಲ ಹೌದಲ್ಲೋ?”

“ಇರಬಹುದು,” ಎಂದಳು ನೀಲಗಂಗಾ. “ಅದಕ್ಕ ಪೆಟಿಗಿ ತಗಿಯೂಣು. ಎಲುಬು ನನ್ನ ಮಗಳನ್ನ ನೋಡಿಲ್ಲ. ಅದು ಸುಳ್ಳ ಹೇಳೂದಿಲ್ಲ.”

ಹತ್ತಿ ಬಿಡಿಸಿ ಬಲತೊಡೆಯ ಎಲುಬನ್ನು ಮಸೂರದ ಕೆಳಗೆ ಇಟ್ಟಳು. ಮಣ್ಣು ತುಳಿದಿದ್ದರೆ ಒಳಗಿನ ಎಳೆಗಳು ಮುರಿದಿರಬೇಕಿತ್ತು, ಕಾಲಡಿ ಸಿಕ್ಕ ಶ್ಯಾವಿಗೆಯಂತೆ. ಬಹಳ ಹೊತ್ತು ನೋಡಿದಳು. ಒಂದು ಎಳೆಯೂ ಮುರಿದಿರಲಿಲ್ಲ. ಎಲ್ಲವೂ ಒಂದು ಬದಿಗೆ ಬಾಗಿ, ಬಾಗಿದಂತೆಯೇ ಬೆಳೆದು, ಬೆಳೆದಲ್ಲಿ ಗಟ್ಟಿಯಾಗಿದ್ದವು. ಗುಂಡು ಚಪ್ಪಟೆಯಾದದ್ದು ಸತ್ತ ಮೇಲಲ್ಲ. ಸಣ್ಣಂದಿನಲ್ಲಿಯೇ ಅದು ಗುಣಿಯ ಅಂಚಿಗೆ ಜಾರಿ, ಅಲ್ಲೇ ತನಗೊಂದು ಹೊಸ ಗುಣಿ ತೋಡಿಕೊಂಡಿತ್ತು.

ಅವಳು ಮಸೂರವನ್ನು ನದಾಫರ ಕಡೆ ತಿರುಗಿಸಿದಳು. ಅವರು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

“ಯಂತ್ರಕ್ಕ ಕುಲ ಏನ ಹೇಳ್ಲಿ?”

“ಗೊತ್ತಿಲ್ಲ ಅನ್ರಿ.”

“ವಯಸ್ಸು?”

“ಅದೂ ಗೊತ್ತಿಲ್ಲ ಅನ್ರಿ. ಬರೇ ಇದ್ದ ಎಲುಬ ಇದ್ದಂಗ ಕೊಡ್ರಿ.”

ಗುಡ್ಡದ ಮೇಲೆ ಗಾಳಿ ಏಳುವುದಕ್ಕೆ ಕಾಯಬೇಕಾಯಿತು. ಇಬ್ಬರೂ ಚಹಾ ಕುಡಿದರು. ಕಿಟಕಿಯ ಹೊರಗೆ ಹುಲ್ಲು ಮೊದಲು ಅಲುಗಿತು, ಆಮೇಲೆ ರೆಕ್ಕೆಗಳು. ಮರಳಿನ ಮೇಲೆ ಬೆಳಕು ಕೂಡಿಕೊಂಡಿತು. ಬೆನ್ನಮಣಿಗಳು, ಬಾಲ, ಕುತ್ತಿಗೆ. ಈ ಸಲ ಯಂತ್ರಕ್ಕೆ ಗೊತ್ತಿಲ್ಲದ ಕಡೆಗಳಲ್ಲಿ ಬರಿಯ ಮಂಜು ಇತ್ತು. ಮಂಜಿನ ನಡುವೆ ಆ ಎರಡು ಕಾಲು, ಒಂದು ಉದ್ದ, ಒಂದು ಗಿಡ್ಡ.

ತಪ್ಪಲವ್ವ ಒಂದು ಹೆಜ್ಜೆ ಇಟ್ಟಳು. ಎರಡನೆಯದನ್ನು ಇಟ್ಟಳು.

ಬಲಗಾಲು ಊರಿದಾಗ ಮೈ ಬಲಕ್ಕೆ ಬಾಗುತ್ತಿತ್ತು, ಬಾಗಿದ ಕೂಡಲೇ ಉದ್ದನೆಯ ಬಾಲ ಎಡಕ್ಕೆ ಹೊಯ್ದು ತೂಗಿಸಿಕೊಳ್ಳುತ್ತಿತ್ತು. ಬಾಲದ ಬುಡದ ಮಣಿಗಳು ಯಾಕೆ ಒಂದೇ ಕಡೆ ಸವೆದಿದ್ದವು, ಎಡಗಾಲಿನ ಎಲುಬು ಯಾಕೆ ಅಷ್ಟು ದಪ್ಪ, ಎಲ್ಲವೂ ಆ ಒಂದು ತೂಗಾಟದಲ್ಲಿ ತಿಳಿಯುತ್ತಿತ್ತು. ಮರಳಿನ ಈ ಅಂಚಿನಿಂದ ಆ ಅಂಚಿಗೆ ಹೋದಳು. ನಿಂತಳು. ಅಲ್ಲಿಲ್ಲದ ಯಾವುದೋ ಗಿಡಕ್ಕೆ ತಲೆ ತಗ್ಗಿಸಿ, ಅಲ್ಲಿಲ್ಲದ ಎಲೆಯನ್ನು ಹರಿದು, ತಲೆ ಎತ್ತಿ ಮೆದ್ದಳು. ಆಮೇಲೆ, ಏನನ್ನು ಕೇಳಿಸಿಕೊಂಡಳೋ, ಓಡಿದಳು. ತೂಗುತ್ತ, ಹೊಯ್ದಾಡುತ್ತ, ಗಾಳಿಗೆ ಸಿಕ್ಕ ಪಟದಂತೆ.

“ಯಾ ಅಲ್ಲಾ,” ಎಂದರು ನದಾಫ, ಬಹಳ ಮೆಲ್ಲಗೆ.

ಉಳಿದದ್ದನ್ನು ಬಲಗಡೆಯ ಎಲುಬುಗಳೇ ಹೇಳಿದವು. ಎರಡು ಎಲುಬು ಮಣ್ಣಿನ ಭಾರಕ್ಕೆ ಒಂದರ ಮೇಲೊಂದು ಒತ್ತಿಕೊಂಡಿವೆ ಎಂದು ತಿಳಿದಿದ್ದ ಬಲಸೊಂಟದ ತುಂಡಿನಲ್ಲಿ ಅವು ಒತ್ತಿಕೊಂಡದ್ದೇ ಅಲ್ಲ. ಸೊಂಟದ ಮುಂದಿನ ಎಲುಬು ಹಿಂದಕ್ಕೆ ಮಡಚಿ, ಹಿಂದಿನದರ ಜೊತೆಯಲ್ಲಿ, ಹುಟ್ಟಿದಾಗಿನಿಂದಲೇ ಹಾಗೆ ಮಲಗಿತ್ತು. ಹಕ್ಕಿಸೊಂಟದ ಕುಲ. ಎಡತೊಡೆಯ ಎಲುಬು ಇಡೀ ಮೈ ಹೊತ್ತು ಹೊತ್ತು ತನ್ನೊಳಗಿನ ವರ್ಷದ ಉಂಗುರಗಳನ್ನು ಅಳಿಸಿಕೊಂಡಿತ್ತು. ಅದಕ್ಕೇ ಮರಿಯದೋ ಬೆಳೆದದ್ದೋ ತಿಳಿದಿರಲಿಲ್ಲ. ಕಡಿಮೆ ಭಾರ ಹೊತ್ತ ಬಲತೊಡೆಯಲ್ಲಿ ಉಂಗುರಗಳು ಹಾಗೇ ಇದ್ದವು. ಹೊರ ಅಂಚಿನಲ್ಲಿ ಅವು ಒಂದಕ್ಕೊಂದು ಒತ್ತೊತ್ತಾಗಿದ್ದವು. ಬೆಳವಣಿಗೆ ಮುಗಿದ ಮೇಲೂ ಬಹಳ ಕಾಲ ಬದುಕಿದವರ ಗುರುತು ಅದು.

“ಮರಿ ಅಲ್ಲ ಅಕ್ಕಾರ. ಇಷ್ಟ ಸಣ್ಣದಿದ್ರೂ ಪೂರಾ ಬೆಳದೈತಿ. ಇಷ್ಟ ಇದರ ಅಳತಿ.” ನದಾಫ ಪರದೆಯ ಮೇಲೆ ಬೆರಳಿಟ್ಟು ಎಲುಬಿನ ಒಳಗಿನ ಟೊಳ್ಳಿಗೆ ಬಂದರು. ಅಲ್ಲಿ ಒಳಗೋಡೆಗೆ ಅಂಟಿದಂತೆ ಒಂದು ಒರಟು ಪದರವಿತ್ತು. “ಮತ್ತ ಇದು ಏನ್ರಿ?”

ನೀಲಗಂಗಾಗೆ ಅದು ಗೊತ್ತಿತ್ತು. ಮೊಟ್ಟೆಯ ಚಿಪ್ಪಿಗೆಂದು ತಾಯಿಯ ಮೈ ತನ್ನ ಎಲುಬಿನೊಳಗೆ ಕೂಡಿಟ್ಟುಕೊಳ್ಳುವ ಸುಣ್ಣದ ಪದರ. ಮೊಟ್ಟೆ ಇಡುವ ಕಾಲದಲ್ಲಿ ಮಾತ್ರ ಇರುತ್ತದೆ, ಇಟ್ಟು ಮುಗಿದ ಮೇಲೆ ಕರಗುತ್ತದೆ.

“ಹೇಂಟಿ,” ಎಂದಳು.

“ನಿಮ್ಮ ಮಗಳು ಮೊದಲ ಹೆಸರಿಟ್ಟಾಳಲ್ರಿ, ತಪ್ಪಲವ್ವ ಅಂತ. ಅವ್ವನ ಇದು.” ಅವರು ಕಿಟಕಿಯ ಹೊರಗೆ ನೋಡುತ್ತ ಸೇರಿಸಿದರು, “ಗಾಳಿ ಛಲೋ ಐತಿ. ನಾಳೆ ಕೂಸಿನ್ನ ಕರಕೊಂಡ ಬರ್ರಿ. ಗಾಡಿ ಬರೂದಕ್ಕ ಇನ್ನೂ ಟೈಮ್ ಐತಿ.”

ಮರುದಿನ ಮುಕ್ತಾ ಆಯಿಯ ಸೊಂಟದ ಮೇಲೆ ಕೂತು ನಡಿಗೆಮನೆಗೆ ಬಂದಳು. ಮುಷ್ಟಿಯಲ್ಲಿ ಹಕ್ಕರಕಿ. ದಾರಿಯುದ್ದಕ್ಕೂ ಹಿಡಿದದ್ದಕ್ಕೆ ಅದು ಬಾಡಿತ್ತು.

“ನದಾಫ ಕಾಕಾಗ ತಂದೇನು ತಪ್ಪಲ?”

“ನಿಮಗಲ್ಲ. ಆಕಿಗೆ.”

“ಆತ ಬಿಡವಾ. ನಾನೂ ಮನ್ಯಾಗ ರೊಟ್ಟಿ ತಿಂದ ಬಂದೀನಿ.”

ಗಾಳಿ ಬಂತು. ಬೆಳಕು ಕೂಡಿಕೊಂಡಿತು. ಮುಕ್ತಾ ಬಾಯಿ ತೆರೆದು ನೋಡಿದಳು. ತಪ್ಪಲವ್ವ ಎದ್ದು, ಬಲಕ್ಕೆ ಬಾಗಿ, ಬಾಲ ಹೊಯ್ದು, ತನ್ನ ಪಾಡಿಗೆ ಮರಳಿನ ಮೇಲೆ ಹೊರಟಳು. ಮೂರು ಬೆರಳಿನ ಹೆಜ್ಜೆಗಳು ಮೂಡಿದವು, ಒಂದು ಆಳ, ಒಂದು ತೇಲು. ಮುಕ್ತಾ ಅವನ್ನೇ ನೋಡಿದಳು, ತನ್ನ ಕಾಲು ನೋಡಿಕೊಂಡಳು. ಆಯಿಯ ಸೆರಗು ಜಗ್ಗಿ, “ಇಳಸು,” ಎಂದಳು.

ಶಿವಲಿಂಗವ್ವ ಅವಳನ್ನು ಮರಳಿನ ಅಂಚಿನಲ್ಲಿ ಇಳಿಸಿದಳು. ಇಳಿಸಿದವಳೇ ತಿರುಗಿ, ಗೋಡೆಯ ಕಡೆ ಮುಖ ಮಾಡಿ, ಸೆರಗು ಹೊದ್ದು ನಿಂತಳು. ನೀಲಗಂಗಾ ಒಂದು ಗಳಿಗೆ ತಡೆದಳು. ಬೆರಳುಗಳು ತಾವಾಗಿಯೇ ಮಗುವಿನ ಭುಜದ ಕಡೆ ಚಾಚಿದ್ದವು. ಅವನ್ನು ಹಿಂದಕ್ಕೆ ತಗೊಂಡು, ಅತ್ತೆಯ ಪಕ್ಕದಲ್ಲಿ, ಅವಳೂ ಗೋಡೆಗೆ ಮುಖ ಮಾಡಿ ನಿಂತಳು.

“ಇದೇನ್ರಿ ಅಕ್ಕಾರ, ಇಬ್ಬರೂ ಗ್ವಾಡಿ ನೋಡಾಕತ್ತೀರಿ?”

“ನೀವೂ ತಿರುಗ್ರಿ ನದಾಫರ.”

ನದಾಫರಿಗೆ ಅರ್ಥವಾಯಿತೋ ಇಲ್ಲವೋ, ತಿರುಗಿದರು. ಮೂವರು ದೊಡ್ಡವರು ಸುಣ್ಣ ಬಳಿದ ಗೋಡೆಯನ್ನು ನೋಡುತ್ತ ನಿಂತರು. ಗೋಡೆಯ ಮೇಲೆ ಬೆಳಕು ಅಲ್ಲಾಡುತ್ತಿತ್ತು, ಎಲೆಗಳ ಆಚೆ ಯಾರೋ ಓಡಾಡಿದಂತೆ. ನವಮಿ ಮುಗಿದ ಮೇಲೆ ಡಾಕ್ಟರು ಫೋಟೋ ತೆಗೆಸುತ್ತಾರೆ. ಗುಣಿ ಆಳವಾಗಿರುತ್ತದೋ ಇಲ್ಲವೋ. ಭಾರ ಮಾತ್ರ ಬೀಳುತ್ತಿದೆ, ಪಂಚಮಿಯಿಂದಲೂ ಬೀಳುತ್ತಿದೆ ಎಂದು ನೀಲಗಂಗಾ ತನಗೆ ತಾನೇ ಹೇಳಿಕೊಂಡಳು. ಕಣ್ಣು ಮುಚ್ಚಿದಳು.

ಹಿಂದೆ ಮರಳು ಸರಿಯಿತು. ಒಂದು ಉದ್ದ, ಒಂದು ಗಿಡ್ಡ. ನಿಂತಿತು. ಮತ್ತೆ ಒಂದು ಉದ್ದ, ಒಂದು ಗಿಡ್ಡ. ಅದರ ಜೊತೆಗೆ, ಸೂಜಿಗಳು ಜಗ್ಗುವ ಇನ್ನೂ ಮೆಲ್ಲನೆಯ ಸದ್ದು, ಅದೂ ಉದ್ದ, ಅದೂ ಗಿಡ್ಡ. ಎರಡೂ ಸದ್ದುಗಳು ಹತ್ತಿರವಾದವು, ಒಂದನ್ನೊಂದು ದಾಟಿದವು, ದೂರವಾದವು. ಯಾವುದು ಕೋಟಿ ವರ್ಷದ್ದು, ಯಾವುದು ನಾಲ್ಕು ವರ್ಷದ್ದು ಎಂದು ಗೋಡೆಗೆ ಮುಖ ಮಾಡಿದವಳಿಗೆ ತಿಳಿಯಲಿಲ್ಲ.

ಮರಳಿನ ಆ ತುದಿಯಿಂದ ದನಿ ಬಂತು.

“ಅವ್ವಾ.”

“ಹಾಂ.”

“ಈಗ ನೋಡು.”